ಎಲ್ಕ್ ಬೇಟೆಗೆ ಎಂಥ ದುರ್ಬೀನು?

ಪ್ರಶ್ನೆ: ಅಮೆರಿಕದ ಡೆನ್ವರ್‌ನಲ್ಲಿದ್ದೇನೆ. ಬರುವ ಅಕ್ಟೋಬರಿನಲ್ಲಿ ಲೈಸೆನ್ಸ್ ಪಡೆದು ಕೊಲೊರಾಡೊದ ರಾಕಿ ಪರ್ವತಗಳಲ್ಲಿ ಮೊದಲ ಸಲ ಎಲ್ಕ್ (ಅಲ್ಲಿನ ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಹೋಗುವವನಿದ್ದೇನೆ. ದುರ್ಬೀನಿಗೆಂದು 500 ಡಾಲರ್ ಎತ್ತಿಟ್ಟಿದ್ದೇನೆ. ಬೆಟ್ಟದಲ್ಲಿ 12×50 ಬೇಕೇ ಬೇಕು ಎನ್ನುತ್ತಾರೆ ಜೊತೆಗಾರರು. ಕನ್ನಡಕ ಹಾಕುತ್ತೇನೆ. ಯಾವುದನ್ನು ಕೊಳ್ಳಲಿ?

ಉತ್ತರ: 10×42 ಕೊಳ್ಳಿ, ಅಂದರೆ 10 ಪಟ್ಟು ಹಿಗ್ಗಿಸುವ, ಮುಂದಿನ ಮಸೂರ 42 ಮಿ.ಮೀ. ಅಗಲದ ದುರ್ಬೀನು. ಆದರೆ 500 ಡಾಲರನ್ನೂ ದುರ್ಬೀನಿಗೇ ಸುರಿಯಬೇಡಿ. 300ರಿಂದ 400 ಡಾಲರಿಗೆ ದುರ್ಬೀನು, ಮಿಕ್ಕಿದ್ದರಲ್ಲಿ ಹಗುರ ಟ್ರೈಪಾಡ್ ಮತ್ತು ಅದಕ್ಕೆ ಜೋಡಿಸುವ ಅಡಾಪ್ಟರ್. ದುರ್ಬೀನು ಪ್ರಾಣಿಯನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೋ ಕೈನಡುಕವನ್ನೂ ಅಷ್ಟೇ ಪಟ್ಟು ಹಿಗ್ಗಿಸುತ್ತದೆ. 3,000 ಮೀಟರ್ ಎತ್ತರದಲ್ಲಿ ಏರು ಹತ್ತಿ ಏದುಸಿರು ಬಿಡುವಾಗ 12 ಪಟ್ಟಿನ ದುರ್ಬೀನಿನಲ್ಲಿ ಕಾಣುವುದೆಲ್ಲ ಕುಣಿಯುತ್ತಿರುತ್ತದೆ. ಟ್ರೈಪಾಡಿನ ಮೇಲೆ ಕೂರಿಸಿದ 10 ಪಟ್ಟಿನದಾದರೆ ಎದುರಿನ ಇಳಿಜಾರಿನ ಪೊದೆಯಲ್ಲಿ ಕಿವಿ ಅಲುಗಿದರೂ ಗೊತ್ತಾಗುತ್ತದೆ. ಕೊಳ್ಳುವ ಮೊದಲು ಎರಡು ಕೊಳವೆಗಳ ನಡುವಿನ ಕೀಲಿನ ಮುಂತುದಿಯ ಮುಚ್ಚಳ ಬಿಚ್ಚಿ, ಟ್ರೈಪಾಡ್ ತಿರುಪಿನ ತೂತು ಇದೆಯೇ ನೋಡಿ.

ಮುಂದಿನದು ಬೆಳಕಿನ ಲೆಕ್ಕ. 42ನ್ನು 10ರಿಂದ ಭಾಗಿಸಿದರೆ 4.2, ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಅಷ್ಟು ಮಿಲಿಮೀಟರ್. ಜೇಬಿಗೆ ಹಿಡಿಸುವ 10×25ರಲ್ಲಿ ಅದು ಬರೀ 2.5. ಕೊಲೊರಾಡೊದಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಬೇಟೆಗೆ ಅವಕಾಶವಿದೆ. ಎಲ್ಕ್ ಕಾಡಿನ ಅಂಚಿಗೆ ಮೇಯಲು ಬರುವುದೂ ಆ ಮಬ್ಬಿನಲ್ಲೇ. ಪುಟ್ಟ ದುರ್ಬೀನು ಸೋಲುವುದು ಅಲ್ಲೇ. 10×50ರಲ್ಲಿ ಬೆಳಕು ಇನ್ನೂ ಹೆಚ್ಚು, ನಿಜ. ಆದರೆ ಅದರ ಭಾರವನ್ನು ದಿನವಿಡೀ ಎದೆಯ ಮೇಲೆ ಹೊರುವವರು ನೀವು.

ಗಾಜಿನ ಗುಣ ಇಲ್ಲಿ ಬರೀ ಅಂದಚೆಂದದ ಮಾತಲ್ಲ. ಕೊಲೊರಾಡೊದ ಬಹುತೇಕ ವಲಯಗಳಲ್ಲಿ ಗಂಡು ಎಲ್ಕ್‌ನ ಒಂದು ಕೊಂಬಿಗಾದರೂ 4 ಕವಲು, ಇಲ್ಲವೇ ಹುಬ್ಬಿನ ಬಳಿಯ ಕವಲು 5 ಅಂಗುಲ ಇರಲೇಬೇಕು. ಒಣರೆಂಬೆಗಳ ಹಿಂದೆ ನಿಂತ ಪ್ರಾಣಿಯ ಕವಲು ಎಣಿಸುವಾಗ ತಪ್ಪಿದರೆ ಕಾನೂನು ತಪ್ಪಿದಂತೆ. ಆದ್ದರಿಂದ ಅಂಚಿನ ಬಣ್ಣದ ಗೆರೆ ತಗ್ಗಿಸುವ ಇ.ಡಿ. (ED) ಗಾಜು, ಚಿತ್ರ ಚುರುಕಾಗಿಸಲು ಪ್ರಿಸಂಗೆ ಫೇಸ್ ಕೋಟಿಂಗ್ ಎಂಬ ಲೇಪ, ಒಳಗೆ ಮಂಜು ಕಟ್ಟದಂತೆ ನೈಟ್ರೋಜನ್ ಅಥವಾ ಆರ್ಗಾನ್ ಅನಿಲ, ಈ ಮೂರೂ ಇರಲಿ. ಕವಲು ಎಣಿಸಲು ಬಂದೂಕಿನ ಸ್ಕೋಪನ್ನು ಮಾತ್ರ ಎಂದಿಗೂ ಎತ್ತಬೇಡಿ. ಪೊದೆಯ ಹಿಂದಿರುವುದು ಮನುಷ್ಯನಾದರೆ ನಳಿಗೆ ಅವನತ್ತ ತಿರುಗಿರುತ್ತದೆ.

ಕನ್ನಡಕದವರಿಗೆ ಐ ರಿಲೀಫ್, ಅಂದರೆ ಪೂರ್ತಿ ನೋಟ ಸಿಗುವಂತೆ ಮಸೂರದಿಂದ ಕಣ್ಣು ಇರಬಹುದಾದ ದೂರ, 16 ಮಿ.ಮೀ.ಗಿಂತ ಕಡಿಮೆ ಬೇಡ. ನಿಕಾನ್ ಮೊನಾರ್ಕ್ ಎಂ5 10×42ರಲ್ಲಿ ಅದು 18.4, ಎಂ7ರಲ್ಲಿ 16.4. ನೋಟದ ಹರವಿನಲ್ಲಿ ಎಂ7 ಮುಂದು: 1,000 ಮೀಟರ್ ದೂರದಲ್ಲಿ ಎಂ5 ಸುಮಾರು 98 ಮೀಟರ್ ಅಗಲ ತೋರಿಸಿದರೆ ಎಂ7 ಸುಮಾರು 121. ನಿಮ್ಮ ಕನ್ನಡಕಕ್ಕೂ ಜೇಬಿಗೂ ಎಂ5 ಸರಿ. ಮೇವನ್ ಕಂಪನಿಯ ಸಿ1 ಕೂಡ ಹೆಚ್ಚುಕಡಿಮೆ ಇದೇ ಮಟ್ಟದ್ದು. ವೋರ್ಟೆಕ್ಸ್ ಕಂಪನಿಯ ಆಜೀವ ವಾರಂಟಿ ಕೈಬದಲಾದರೂ ನಡೆಯುವುದರಿಂದ ಅವರ ವೈಪರ್ ಎಚ್‌ಡಿ ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಬಿಡಬೇಡಿ.

ಅಂಗಡಿಯ ಟ್ಯೂಬ್‌ಲೈಟಿನಡಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಸಂಜೆ ಹೋಗಿ, ಕೇಳಿಕೊಂಡು ಹೊರಗೆ ತಂದು, ಬೆಳಗುವ ಆಕಾಶಕ್ಕೆ ಎದುರಾದ ಕಪ್ಪು ಕೊಂಬೆ ನೋಡಿ. ಅಂಚಿನಲ್ಲಿ ನೇರಳೆ ಗೆರೆ ದಪ್ಪಗೆ ಎದ್ದರೆ ವಾಪಸ್ ಕೊಡಿ.

ಪ್ರಶ್ನೆ: ಹೊಸ ದುರ್ಬೀನಿನಲ್ಲಿ ಹತ್ತು ನಿಮಿಷ ನೋಡಿದರೆ ತಲೆನೋವು. ದೋಷ ಕಣ್ಣಿನದೋ ದುರ್ಬೀನಿನದೋ?

ಉತ್ತರ: ಮೊದಲು ಹೊಂದಿಸಿ. ಎರಡು ವೃತ್ತ ಒಂದಾಗುವವರೆಗೆ ಕೀಲು ಮಡಿಸಿ. ಕನ್ನಡಕವಿದ್ದರೆ ಕಣ್ಣುಬಟ್ಟಲು ಕೆಳಗಿಳಿಸಿ, ಇಲ್ಲದಿದ್ದರೆ ಮೇಲೆತ್ತಿ. ಬಲ ಮಸೂರಕ್ಕೆ ಕೈ ಅಡ್ಡ ಹಿಡಿದು, ದೂರದ ಬೋರ್ಡೊಂದನ್ನು ಎಡಗಣ್ಣಿಗೆ ನಡುಚಕ್ರದಿಂದ ಸ್ಪಷ್ಟಮಾಡಿ. ಆಮೇಲೆ ಎಡ ಮಸೂರ ಮುಚ್ಚಿ, ನಡುಚಕ್ರ ಮುಟ್ಟದೆ, ಎರಡು ಕಣ್ಣುಗಳ ವ್ಯತ್ಯಾಸ ಸರಿದೂಗಿಸುವ, ಬಲಗಣ್ಣಿನ ಬಳಿಯ ಡಯಾಪ್ಟರ್ ಉಂಗುರವನ್ನಷ್ಟೇ ಸ್ಪಷ್ಟವಾಗುವವರೆಗೆ ತಿರುಗಿಸಿ. ಉಂಗುರ ನಿಂತ ಜಾಗಕ್ಕೆ ಬಿಳಿ ಬಣ್ಣದ ಚುಕ್ಕೆ ಇಡಿ, ಚೀಲದಲ್ಲಿ ಉಜ್ಜಿ ಜರುಗುವುದುಂಟು. ಇಷ್ಟಾದರೂ ನೋವು ಹೋಗದಿದ್ದರೆ, ದೂರದ ಕರೆಂಟ್ ತಂತಿ ಎರಡಾಗಿ ಕಂಡರೆ, ಎರಡು ಕೊಳವೆ ಒಂದೇ ಕಡೆ ನೋಡುತ್ತಿಲ್ಲ ಎಂದರ್ಥ. ಬಿಚ್ಚಲು ಹೋಗದೆ ವಾರಂಟಿಗೆ ಕಳಿಸಿ.

ಪ್ರಶ್ನೆ: ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಪ್ರಾಣಿ, ಪಕ್ಷಿ ನೋಡಲು 10×42 ಆದೀತೇ?

ಉತ್ತರ: ಆದೀತು, ಆದರೆ 8×42 ಮೇಲು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ. ಕವಲು ಎಣಿಸುವ ಪ್ರಮೇಯವಿಲ್ಲ. ಶೋಲಾ ಕಾಡಿನ ನೆರಳಿಗೆ 5.25 ಮಿ.ಮೀ. ಬೆಳಕು ಸಿಗುತ್ತದೆ, ಕೊಂಬೆಯಿಂದ ಕೊಂಬೆಗೆ ಹಾರುವ ಹಕ್ಕಿ ನೋಟದಿಂದ ಬೇಗ ಜಾರುವುದಿಲ್ಲ. ಮಳೆಗಾಲದಲ್ಲಿ ಮನೆಗೆ ಬಂದ ಕೂಡಲೇ ಒರೆಸಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಮಲೆನಾಡಿನಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುವುದು ಚರ್ಮದ ಚೀಲದೊಳಗೇ ಹೆಚ್ಚು.