ಸುಮೇರಿನ ಹೊಲ ಸವಳಾಗಿದ್ದು ಹೊಳೆಯ ತಪ್ಪಲ್ಲ

ಪ್ರಾಚೀನ ನಾಗರಿಕತೆಗಳ ನದಿ ಬೇಸಾಯದ ಬಗ್ಗೆ ಬರುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಈ ಸಲ ಅದಕ್ಕೇ ಹೆಚ್ಚು ಜಾಗ.

ಪ್ರಶ್ನೆ: ಈಜಿಪ್ಟಿನವರು ಸಾವಿರಾರು ವರ್ಷ ನೈಲ್ ನೀರಲ್ಲೇ ಬೆಳೆ ತೆಗೆದರು. ಟೈಗ್ರಿಸ್-ಯೂಫ್ರೆಟಿಸ್ ನಡುವಿನ ಸುಮೇರಿನ (ಇಂದಿನ ದಕ್ಷಿಣ ಇರಾಕ್) ಭೂಮಿ ಮಾತ್ರ ಸವಳಾಯಿತು, ಅಂದರೆ ಉಪ್ಪುಗಟ್ಟಿತು. ಆ ಹೊಳೆಗಳ ನೀರೇ ಉಪ್ಪಾಗಿತ್ತೆ? (ಸಿಂಧನೂರಿನ ಓದುಗರು)

ಇಲ್ಲ. ಯಾವ ಹೊಳೆಯ ನೀರಲ್ಲೂ ಅಷ್ಟಿಷ್ಟು ಲವಣ ಇದ್ದೇ ಇರುತ್ತದೆ, ನೈಲ್‌ನಲ್ಲೂ ಇತ್ತು. ನೆರೆ ಯಾವ ತಿಂಗಳು ಬಂತು, ಹೊಲಕ್ಕೆ ಬಂದ ನೀರಿಗೆ ಹೊರಹೋಗಲು ದಾರಿ ಇತ್ತೋ ಇಲ್ಲವೋ, ಅದನ್ನು ಕೇಳಿ.

ಇಥಿಯೋಪಿಯಾದ ಬೆಟ್ಟಗಳ ಮಳೆನೀರು ನೀಲಿ ನೈಲ್ ಮತ್ತು ಅಟ್ಬಾರಾ ನದಿಗಳಲ್ಲಿ ಇಳಿದು ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಈಜಿಪ್ಟಿನ ಬಯಲನ್ನು ತುಂಬುತ್ತಿತ್ತು. ರೈತರು ಒಡ್ಡು ಕಟ್ಟಿ ಆ ನೀರನ್ನು ಕೆಲವು ವಾರ ನಿಲ್ಲಿಸಿಕೊಂಡು, ಹೊಳೆ ಇಳಿದ ಮೇಲೆ ಒಡ್ಡು ಒಡೆದು ಬಿಟ್ಟುಬಿಡುತ್ತಿದ್ದರು. ಅಕ್ಟೋಬರ್-ನವೆಂಬರ್‌ನಲ್ಲಿ ಆ ಹಸಿ ಮಣ್ಣಿಗೇ ಬಾರ್ಲಿ, ಅಗಸೆ, ಮತ್ತು ನಮ್ಮ ಬೆಳಗಾವಿ ಕಡೆ ಸದಕ ಅನ್ನುವ ಜಾತಿಯ ಗೋಧಿ ಬಿತ್ತುತ್ತಿದ್ದರು. ಬೇಸಿಗೆಯಲ್ಲಿ ಹೊಲ ಖಾಲಿ. ಹೊಳೆ ತಗ್ಗಿ, ಅಂತರ್ಜಲವೂ ಇಳಿದು, ನೆಲ ಆಳಕ್ಕೆ ಬಿರುಕು ಬಿಡುತ್ತಿತ್ತು. ಮುಂದಿನ ನೆರೆಯ ನೀರು ಆ ಬಿರುಕುಗಳಲ್ಲಿ ಇಳಿದು ಮೇಲ್ಮಣ್ಣಿನ ಉಪ್ಪನ್ನು ತೊಳೆದುಕೊಂಡು ಹೋಗುತ್ತಿತ್ತು. ಎಲ್ಲರೂ ಹೊಗಳುವುದು ಮೆಕ್ಕಲು ಮಣ್ಣನ್ನು. ನನ್ನ ಮಟ್ಟಿಗೆ ಈ ತೊಳೆತವೇ ಹೆಚ್ಚಿನದು.

ಸುಮೇರಿನಲ್ಲಿ ಎಲ್ಲವೂ ಉಲ್ಟಾ. ತೌರಸ್, ಝಾಗ್ರೋಸ್ ಬೆಟ್ಟಗಳ ಹಿಮ ಕರಗಿ ನೆರೆ ಏರುತ್ತಿದ್ದದ್ದು ಏಪ್ರಿಲ್-ಮೇನಲ್ಲಿ, ಅಂದರೆ ಬಾರ್ಲಿ ಕೊಯ್ಲಿಗೆ ಬಂದು ನಿಂತಾಗ. ಬಿತ್ತುವ ಕಾಲಕ್ಕೆ ಹೊಳೆಯಲ್ಲಿ ನೀರು ತೀರಾ ಕಡಿಮೆ. ಹಾಗಾಗಿ ಬಿತ್ತನೆಗೆ ಕಾಲುವೆ ತೋಡಬೇಕು, ಕೊಯ್ಲು ಉಳಿಸಿಕೊಳ್ಳಲು ಒಡ್ಡು ಹಾಕಬೇಕು. ನೆಲ ಚಪ್ಪಟೆ, ಮಣ್ಣು ಜಿಗುಟು, ಮಳೆ ವರ್ಷಕ್ಕೆ 200 ಮಿ.ಮೀ.ಗಿಂತ ಕಡಿಮೆ. ಕಾಲುವೆ ನೀರು ಬಸಿದು ಹೋಗದೆ ಅಂತರ್ಜಲ ಬೇರಿನ ಹತ್ತಿರಕ್ಕೆ ಏರಿತು. ಬಿಸಿಲಿಗೆ ನೀರು ಆರಿ ಉಪ್ಪು ಮೇಲೇ ಕೂತಿತು.

ಇದನ್ನು ಮಡಕೆಗಳ ಮೇಲಿನ ಕಾಳಿನ ಅಚ್ಚು ಮತ್ತು ಜೇಡಿಮಣ್ಣಿನ ಫಲಕಗಳ ಲೆಕ್ಕದಿಂದ ತೋರಿಸಿದವರು ಜೇಕಬ್ಸನ್ ಮತ್ತು ಆಡಮ್ಸ್ ಎಂಬ ವಿದ್ವಾಂಸರು, 1958ರಲ್ಲಿ. ಕ್ರಿ.ಪೂ. 3500ರ ಸುಮಾರಿಗೆ ಗೋಧಿ, ಬಾರ್ಲಿ ಹೆಚ್ಚುಕಡಿಮೆ ಸಮಸಮ, ಸುಮೇರಿನ ಗಿರ್ಸು ನಗರದ ಸೀಮೆಯಲ್ಲಿ ಕ್ರಿ.ಪೂ. 2100ರ ಹೊತ್ತಿಗೆ ಗೋಧಿಯ ಪಾಲು ಶೇ 2ರಷ್ಟಕ್ಕೆ ಇಳಿದಿತ್ತು ಎಂದರು. ಉಪ್ಪನ್ನು ಗೋಧಿಗಿಂತ ಬಾರ್ಲಿ ಹೆಚ್ಚು ತಾಳಿಕೊಳ್ಳುತ್ತದೆ, ಹಾಗಾಗಿ ಇದು ಸವಳಿನ ಗುರುತು ಎಂಬುದು ಅವರ ವಾದ. ಅವರ ಲೆಕ್ಕಕ್ಕೆ ಪೊವೆಲ್ ಎಂಬ ಇನ್ನೊಬ್ಬ ವಿದ್ವಾಂಸರು 1985ರಲ್ಲಿ ತಕರಾರು ತೆಗೆದರು, ಅದರಲ್ಲಿ ಹುರುಳಿದೆ. ಆದ್ದರಿಂದ "ಉಪ್ಪೇ ಸುಮೇರನ್ನು ಮುಳುಗಿಸಿತು" ಎಂದು ಭಾಷಣದಲ್ಲಿ ಹೇಳಬೇಡಿ. ಅಲ್ಲಿನ ರೈತರು ದಡ್ಡರೂ ಅಲ್ಲ. ವರ್ಷ ಬಿಟ್ಟು ವರ್ಷ ಹೊಲ ಬೀಳು ಬಿಡುತ್ತಿದ್ದರು. ಆಳ ಬೇರಿನ ಕಳೆ ಬೆಳೆದು ಅಡಿಯ ತೇವ ಹೀರಿಕೊಂಡು ಅಂತರ್ಜಲ ತಗ್ಗಿಸುತ್ತಿತ್ತು.

ಸಿಂಧನೂರಿನವರು ಇದನ್ನು ಯಾಕೆ ಕೇಳಿದ್ದೀರಿ ಎಂದು ನನಗೆ ಗೊತ್ತು. ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ಬೇಸಿಗೆಯಲ್ಲಿ ಬದುವಿನ ಮೇಲೆ ಬಿಳಿ ಪದರ ಏಳುವುದು ಇದೇ ಕಾರಣಕ್ಕೆ. "ಎಕರೆಗೆ ಒಂದು ಡಬ್ಬಿ, ಸವಳು ಮಾಯ" ಎಂದು ದ್ರಾವಣ ಮಾರುವವರನ್ನು ಹೊಲದ ಹತ್ತಿರ ಸೇರಿಸಬೇಡಿ. ಉಪ್ಪು ಮಾಯವಾಗುವುದಿಲ್ಲ, ನೀರಿನ ಜೊತೆ ಹೊರಗೆ ಹೋಗಬೇಕು, ಅದಕ್ಕೆ ಬಸಿಗಾಲುವೆ ಬೇಕು. ಜಿಪ್ಸಂ ಕ್ಷಾರ ಮಣ್ಣಿಗೆ ಮದ್ದು, ಎಲ್ಲ ಬಿಳಿ ಮಣ್ಣಿಗೂ ಅಲ್ಲ. ಮಣ್ಣು ಪರೀಕ್ಷೆಯ ಫಲಿತಾಂಶ ಕೈಗೆ ಬರುವ ತನಕ ನಾನಾದರೆ ಒಂದು ಚೀಲವನ್ನೂ ಕೊಳ್ಳುವುದಿಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದೇ ಕೆಲಸ ನಡೆಯುತ್ತದೆ, ಅಲ್ಲಿ ಹೋಗಿ ಕೇಳಿ.

ಪ್ರಶ್ನೆ: ಬೇಸಾಯ ಹುಟ್ಟಿದ್ದೇ ದೊಡ್ಡ ನದಿಗಳ ದಡದಲ್ಲಲ್ಲವೆ?

ಅಲ್ಲ. ಪಶ್ಚಿಮ ಏಷ್ಯಾದಲ್ಲಿ ಅದು ಮಳೆ ಬೀಳುವ ಬೆಟ್ಟದ ಸೀಮೆಯಲ್ಲಿ ಶುರುವಾಗಿ, ಸಾವಿರಾರು ವರ್ಷದ ಮೇಲೆ ದೊಡ್ಡ ಹೊಳೆಗಳ ಬಯಲಿಗೆ ಇಳಿಯಿತು.

ಪ್ರಶ್ನೆ: ಹರಪ್ಪದವರ ಊರುಗಳು ಘಗ್ಗರ್ ನದಿಯ ದಂಡೆಯಲ್ಲಿದ್ದವು. ಆಗ ಅಲ್ಲಿ ಹಿಮಾಲಯದ ಮಹಾನದಿ ಹರಿಯುತ್ತಿತ್ತಂತೆ?

2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹಿಮಾಲಯದಿಂದ ಬರುವ ಸಟ್ಲೆಜ್ ನದಿ ಘಗ್ಗರ್‌ನ ಪಾತ್ರವನ್ನು ಸುಮಾರು 8,000 ವರ್ಷಗಳ ಹಿಂದೆಯೇ, ಹರಪ್ಪದ ಊರುಗಳಿಗಿಂತ ಬಹಳ ಮೊದಲೇ, ಬಿಟ್ಟಿತ್ತು. ಮಹಾನದಿಯ ಅಬ್ಬರವಿಲ್ಲದ ಆ ಕಣಿವೆಯಲ್ಲೇ ಜನ ನೆಲೆಯೂರಿದರು. ಆ ಮಹಾನದಿ ತೋರಿಸುವ ವಾಟ್ಸ್ಆ್ಯಪ್ ನಕ್ಷೆಗಳನ್ನು ದಯವಿಟ್ಟು ಇನ್ನು ಕಳಿಸಬೇಡಿ.

ಪ್ರಶ್ನೆ: ಈಜಿಪ್ಟಿಗೆ ಈಗಲೂ ಸವಳಿನ ಕಾಟವಿಲ್ಲವೆ?

ಇದೆ. 1970ರಲ್ಲಿ ಅಸ್ವಾನ್ ದೊಡ್ಡ ಅಣೆಕಟ್ಟು ಮುಗಿದ ಮೇಲೆ ಹಳೆಯ ನೆರೆ ಇಲ್ಲ, ಹೊಲಕ್ಕೆ ವರ್ಷವಿಡೀ ಕಾಲುವೆ ನೀರು. ಹೊಳೆ ಪುಕ್ಕಟೆ ಮಾಡುತ್ತಿದ್ದ ತೊಳೆತಕ್ಕೆ ಈಗ ನೆಲದಡಿ ತೂತಿನ ಕೊಳವೆ ಹೂಳಿ ನೀರು ಬಸಿಯುತ್ತಿದ್ದಾರೆ.