ಇಂಗ್ಲೆಂಡಿನಲ್ಲಿ ಒಂದು ದಿನ, ರೈಲಿಗಾಗಿಯೇ

ಪ್ರಶ್ನೆ: ನಾನೂ ನನ್ನ ಪತ್ನಿಯೂ ನಿವೃತ್ತ ಶಿಕ್ಷಕರು, ಇಬ್ಬರಿಗೂ ಅರವತ್ತು ದಾಟಿದೆ. ಜೂನ್ ತಿಂಗಳಲ್ಲಿ ಮಗಳ ಮನೆಗೆಂದು ಲಂಡನ್ನಿಗೆ ಹೊರಟಿದ್ದೇವೆ. ಅವಳು ಕಚೇರಿಗೆ ಹೋಗುವ ಒಂದು ದಿನ ನಾವಿಬ್ಬರೇ ರೈಲಿನಲ್ಲಿ ಸುತ್ತಾಡಿ, ಅಲ್ಲಿನ ಹಳ್ಳಿಗಾಡನ್ನು ಕಿಟಕಿಯಿಂದ ನೋಡಿ, ರಾತ್ರಿಯೊಳಗೆ ಮನೆ ಸೇರಬೇಕೆಂಬ ಆಸೆಯಿದೆ. ಯಾವ ಮಾರ್ಗ ಒಳ್ಳೆಯದು? ಟಿಕೆಟ್ ಹೇಗೆ ಕೊಳ್ಳಬೇಕು?
— ಓದುಗರೊಬ್ಬರು, ಮೈಸೂರು

ಉತ್ತರ: ಇಂಥ ಪ್ರಶ್ನೆ ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ ಮಾರ್ಗ: ಉತ್ತರ ಇಂಗ್ಲೆಂಡಿನ ಸೆಟ್ಲ್–ಕಾರ್ಲೈಲ್ ಮಾರ್ಗ. ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಬೆಳಿಗ್ಗೆ ಏಳರ ಸುಮಾರಿಗೆ ಹೊರಟರೆ ಎರಡೂಕಾಲು ಗಂಟೆಯಲ್ಲಿ ಲೀಡ್ಸ್ ತಲುಪಬಹುದು. ಅಲ್ಲಿ ರೈಲು ಬದಲಿಸಿ ಬೆಟ್ಟಗಳ ನಡುವೆ ಕಾರ್ಲೈಲ್‌ಗೆ ಹೋಗಿ, ಸಂಜೆ ಪಶ್ಚಿಮದ ಮುಖ್ಯ ಮಾರ್ಗದಲ್ಲಿ ಲಂಡನ್ನಿನ ಯೂಸ್ಟನ್‌ಗೆ ಮರಳಬಹುದು. ಈ ಕೊನೆಯ ಹಂತಕ್ಕೆ ಮೂರೂವರೆ ಗಂಟೆಯಷ್ಟು ಬೇಕು. ಹೋದ ದಾರಿಯಲ್ಲೇ ಹಿಂದಿರುಗುವ ಅಗತ್ಯವಿಲ್ಲ. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುವುದರಿಂದ ಮರಳುವ ದಾರಿಯನ್ನೂ ನೋಡುತ್ತಲೇ ಬರಬಹುದು. ಇಷ್ಟು ದೀರ್ಘ ದಿನ ಆಯಾಸವೆನಿಸುವುದಾದರೆ ಹಿಂದಿನ ರಾತ್ರಿ ಲೀಡ್ಸ್‌ನಲ್ಲೇ ತಂಗಿರಿ.

ಈ ಮಾರ್ಗದ ಚರಿತ್ರೆಯನ್ನು ಸ್ವಲ್ಪ ತಿಳಿದು ಹೋದರೆ ಕಿಟಕಿಯ ಆಚೆ ಕಾಣುವುದಕ್ಕೆ ಅರ್ಥ ಬರುತ್ತದೆ. ಸ್ಕಾಟ್ಲೆಂಡಿಗೆ ಹೋಗಲು ಪ್ರತಿಸ್ಪರ್ಧಿ ಕಂಪನಿಯ ಹಳಿಗಳನ್ನು ಅವಲಂಬಿಸಬೇಕಾಗಿದ್ದ ಮಿಡ್‌ಲ್ಯಾಂಡ್ ರೈಲ್ವೆ ಕಂಪನಿಯು, 1866ರಲ್ಲಿ ತನ್ನದೇ ಮಾರ್ಗಕ್ಕೆ ಪಾರ್ಲಿಮೆಂಟಿನ ಅನುಮತಿ ಪಡೆಯಿತು. ಆಮೇಲೆ ಪ್ರತಿಸ್ಪರ್ಧಿಯೊಡನೆ ರಾಜಿಯಾಗಿ ಯೋಜನೆಯನ್ನೇ ಕೈಬಿಡಲು ಹೊರಟಾಗ, ಪಾರ್ಲಿಮೆಂಟ್ ಅದಕ್ಕೆ ಒಪ್ಪಲಿಲ್ಲ. ಹೀಗೆ ಬೇಡವೆಂದರೂ ಕಟ್ಟಲೇಬೇಕಾಗಿ ಬಂದ ಮಾರ್ಗವಿದು. 1876ರ ಮೇ 1ರಂದು ಪ್ರಯಾಣಿಕರಿಗೆ ತೆರೆಯಿತು. ವೇಗದ ರೈಲುಗಳು ಓಡಬೇಕೆಂಬ ಉದ್ದೇಶದಿಂದ 100 ಅಡಿಗೆ 1 ಅಡಿಗಿಂತ ಕಡಿದಾದ ಏರು ಇರಕೂಡದೆಂದು ನಿಶ್ಚಯಿಸಿದ್ದರು. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 50 ಅಡಿಗೆ 1 ಅಡಿ ಏರಿದೆ ಎಂಬುದನ್ನು ನೆನೆದರೆ, ಈ ನಿಶ್ಚಯಕ್ಕೆ ತೆತ್ತ ಬೆಲೆ ತಿಳಿಯುತ್ತದೆ: ಬೆಟ್ಟವನ್ನು ಹತ್ತುವ ಬದಲು ಕೊರೆಯಬೇಕಾಯಿತು, ಕಣಿವೆಗೆ ಇಳಿಯುವ ಬದಲು ದಾಟಬೇಕಾಯಿತು. ಸುಮಾರು 116 ಕಿಲೋಮೀಟರಿನಲ್ಲಿ 14 ಸುರಂಗಗಳಿರುವುದು ಇದರಿಂದಲೇ. ಸಾವಿರಾರು ಕೂಲಿಗಳು ಬಯಲಿನ ಗುಡಿಸಲುಗಳಲ್ಲಿ ವರ್ಷಗಟ್ಟಲೆ ಬದುಕಿ ದುಡಿದರು. ಅಪಘಾತದಲ್ಲಿ ಮಡಿದವರು, ಸಿಡುಬಿಗೆ ಬಲಿಯಾದ ಹೆಂಗಸರು, ಮಕ್ಕಳು ಎಷ್ಟು ಮಂದಿಯೆಂದರೆ, ಚಾಪೆಲ್‌–ಲ–ಡೇಲ್ ಎಂಬ ಪುಟ್ಟ ಊರಿನ ಚರ್ಚು ತನ್ನ ಸ್ಮಶಾನವನ್ನೇ ವಿಸ್ತರಿಸಬೇಕಾಯಿತು. ಆ ಸೊಬಗನ್ನು ನೋಡುವಾಗ ಇದನ್ನು ಮರೆಯಬಾರದೆಂದು ನನಗನಿಸುತ್ತದೆ.

ಈಗ ಮುಖ್ಯವಾದ ಮಾತು. ಈ ಮಾರ್ಗದ ಹೆಸರಾಂತ ರಿಬಲ್‌ಹೆಡ್ ಸೇತುವೆಗೆ 24 ಕಮಾನುಗಳು. ಉದ್ದ 400 ಮೀಟರಿಗೂ ಸ್ವಲ್ಪ ಹೆಚ್ಚು, ಎತ್ತರ 32 ಮೀಟರು. ರೈಲಿನಲ್ಲಿ ಕುಳಿತವರು ಅದರ ಮೇಲೆಯೇ ಇರುವುದರಿಂದ ಅವರಿಗೆ ಸೇತುವೆಯೇ ಸರಿಯಾಗಿ ಕಾಣುವುದಿಲ್ಲ! ಆದ್ದರಿಂದ ಸೇತುವೆಗೆ ಮೊದಲು ಸಿಗುವ ರಿಬಲ್‌ಹೆಡ್ ನಿಲ್ದಾಣದಲ್ಲಿ ದಯವಿಟ್ಟು ಇಳಿಯಿರಿ. ಕಾಲು ಗಂಟೆ ನಡೆದರೆ ಕಮಾನುಗಳ ಬುಡ ಸೇರಬಹುದು. ಅಲ್ಲಿ ಕುಳಿತು ಮೊಸರನ್ನದ ಡಬ್ಬಿ ಬಿಚ್ಚಿ. ಒಂದು ರೈಲು ತಲೆಯ ಮೇಲೆ ದಾಟಿ ಹೋಗುವುದನ್ನು ನೋಡಿಯೇ ಹಿಂದಿರುಗಿ. ಮುಂದಿನ ರೈಲಿಗೆ ಎರಡು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಯಬೇಕಾಗಬಹುದಾದ್ದರಿಂದ ವೇಳಾಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಜೂನ್ ಆದರೂ ಅಲ್ಲಿ ಗಾಳಿ ಜೋರು, ಮಳೆ ಯಾವಾಗ ಬೇಕಾದರೂ ಬರುತ್ತದೆ. ಸ್ವೆಟರ್, ಮಳೆಯಂಗಿ ಎರಡೂ ಇರಲಿ.

ಲೀಡ್ಸ್‌ನಿಂದ ಹೊರಟಾಗ ಎಡಬದಿಯಲ್ಲಿ ಕುಳಿತರೆ ಇಂಗಲ್‌ಬರೋ ಬೆಟ್ಟವೂ, 2.4 ಕಿಲೋಮೀಟರ್ ಉದ್ದದ ಬ್ಲೀ ಮೂರ್ ಸುರಂಗ ದಾಟಿದ ಮೇಲೆ ಕೆಳಗೆ ಹರಡಿಕೊಳ್ಳುವ ಡೆಂಟ್ ಕಣಿವೆಯೂ ಕಾಣುತ್ತವೆ. ಡೆಂಟ್ ನಿಲ್ದಾಣವು ಸುಮಾರು 350 ಮೀಟರ್ ಎತ್ತರದಲ್ಲಿದ್ದು, ಇಂಗ್ಲೆಂಡಿನ ಮುಖ್ಯ ಮಾರ್ಗಗಳ ನಿಲ್ದಾಣಗಳಲ್ಲಿ ಅತ್ಯಂತ ಎತ್ತರದ್ದು. ಅದರ ಮುಂದಿನ ಗಾರ್ಸ್‌ಡೇಲ್ ನಿಲ್ದಾಣದಲ್ಲಿ ನಾಯಿಯೊಂದರ ಕಂಚಿನ ಪ್ರತಿಮೆಯಿದೆ. 1980ರ ದಶಕದಲ್ಲಿ, ಸೇತುವೆಯ ದುರಸ್ತಿಗೆ ಬಹಳ ಖರ್ಚಾಗುತ್ತದೆಂದು ಈ ಮಾರ್ಗವನ್ನೇ ಮುಚ್ಚಲು ಹೊರಟಾಗ ಸಾವಿರಾರು ಜನ ಆಕ್ಷೇಪಣೆ ಸಲ್ಲಿಸಿದರು. ಟಿಕೆಟ್ ಪಡೆದು ಪ್ರಯಾಣಿಸುತ್ತಿದ್ದ ಆ ನಾಯಿಯ ಪಂಜದ ಗುರುತೂ ಅವುಗಳಲ್ಲೊಂದಾಗಿ ಸ್ವೀಕೃತವಾಯಿತು. 1989ರ ಏಪ್ರಿಲ್‌ನಲ್ಲಿ ಸರ್ಕಾರ ಮಾರ್ಗವನ್ನು ಉಳಿಸಿತು.

ಟಿಕೆಟ್ಟಿನ ವಿಷಯ. ಅಗ್ಗದ ‘ಅಡ್ವಾನ್ಸ್’ ಟಿಕೆಟ್ ಒಂದು ನಿರ್ದಿಷ್ಟ ರೈಲಿಗೆ ಮಾತ್ರ ಸಲ್ಲುತ್ತದೆ. ನಡುವೆ ಇಳಿದು ಪ್ರಯಾಣ ಮುಂದುವರಿಸಲು ಅದರಲ್ಲಿ ಅವಕಾಶವಿಲ್ಲ. ಆದ್ದರಿಂದ ಲಂಡನ್–ಲೀಡ್ಸ್ ಹಾಗೂ ಕಾರ್ಲೈಲ್–ಲಂಡನ್ ಭಾಗಗಳಿಗೆ ಮಾತ್ರ ಅದನ್ನು ಮುಂಚಿತವಾಗಿ ಕೊಂಡು, ಲೀಡ್ಸ್–ಕಾರ್ಲೈಲ್ ಭಾಗಕ್ಕೆ ನಡುವೆ ಇಳಿಯಲು ಅವಕಾಶವಿರುವ ಸಾಮಾನ್ಯ ಟಿಕೆಟ್ ಕೊಳ್ಳಿರಿ. ಕಾರ್ಲೈಲ್‌ನಲ್ಲಿ ಒಂದೆರಡು ಗಂಟೆ ಬಿಡುವು ಇಟ್ಟುಕೊಳ್ಳುವುದು ಕ್ಷೇಮ. ಕೋಟೆ, ಕೆಥೆಡ್ರಲ್ ಎರಡೂ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ಅರವತ್ತು ದಾಟಿದವರಿಗೆ ‘ಸೀನಿಯರ್ ರೈಲ್‌ಕಾರ್ಡ್’ ಇದೆ; ಪಾಸ್‌ಪೋರ್ಟ್ ತೋರಿಸಿ ಪ್ರವಾಸಿಗರೂ ಅದನ್ನು ಪಡೆಯಬಹುದು; ಬಹುತೇಕ ಟಿಕೆಟ್‌ಗಳ ದರದಲ್ಲಿ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಇಬ್ಬರಿಗೂ ಸೇರಿ ಒಂದೇ ಸಾಕಾಗುವ ‘ಟೂ ಟುಗೆದರ್’ ಕಾರ್ಡ್ ಅಗ್ಗವೆಂದು ತೋರಿದರೂ, ಕೆಲಸದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಮೊದಲು ಅದು ಸಲ್ಲದು. ಮಗಳು ಕಚೇರಿಗೆ ಹೋಗುವ ದಿನ ಬೇಗ ಹೊರಡಬೇಕಾದ ತಮಗೆ ಸೀನಿಯರ್ ಕಾರ್ಡೇ ಸರಿ.

ಪ್ರಶ್ನೆ: ಇಂಗ್ಲೆಂಡಿನ ರೈಲುಗಳಲ್ಲಿ ನಮ್ಮಂತೆ ವೇಟಿಂಗ್ ಲಿಸ್ಟ್ ಇದೆಯೆ? ರೈಲು ತಡವಾದರೆ ಏನು ಮಾಡಬೇಕು?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ವೇಟಿಂಗ್ ಲಿಸ್ಟ್ ಇಲ್ಲ. ಅಲ್ಲಿ ಟಿಕೆಟ್ ಬೇರೆ, ಆಸನ ಕಾಯ್ದಿರಿಸುವುದು ಬೇರೆ. ಸಾಮಾನ್ಯ ಟಿಕೆಟ್ ಇದ್ದವರು ಆಸನವಿಲ್ಲದಿದ್ದರೆ ನಿಂತು ಪ್ರಯಾಣಿಸಬಹುದು. ಮೇಲೆ ಹೇಳಿದ ಲೀಡ್ಸ್–ಕಾರ್ಲೈಲ್ ರೈಲಿನಲ್ಲಿ ಆಸನ ಕಾಯ್ದಿರಿಸುವ ಪದ್ಧತಿಯೇ ಇಲ್ಲ; ಕಿಟಕಿ ಬೇಕೆನ್ನುವವರು ಬೇಗ ಹೋಗಿ ನಿಲ್ಲಬೇಕು. ರೈಲು ತಡವಾದರೆ ಟಿಕೆಟ್ ಎಸೆಯಬೇಡಿ. ಹಲವು ಕಂಪನಿಗಳು 15 ನಿಮಿಷ, ಕೆಲವು 30 ನಿಮಿಷ ತಡವಾದರೆ ಹಣದ ಒಂದಷ್ಟು ಭಾಗವನ್ನು ಹಿಂದಿರುಗಿಸುತ್ತವೆ. 28 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಹಳಿ ದುರಸ್ತಿ ಹೆಚ್ಚಾಗಿ ಭಾನುವಾರಗಳಂದು ನಡೆಯುವುದರಿಂದ ಅಂದು ರೈಲಿನ ಬದಲು ಬಸ್ ಹತ್ತಿಸುವುದುಂಟು. ದಿನವನ್ನು ಆರಿಸುವಾಗ ಅದನ್ನು ಗಮನಿಸಿ. ದೊಡ್ಡ ನಿಲ್ದಾಣಗಳಲ್ಲಿ ಪ್ಲಾಟ್‌ಫಾರ್ಮ್ ಸಂಖ್ಯೆಯನ್ನು ಹೊರಡುವ ಕೆಲವೇ ನಿಮಿಷ ಮೊದಲು ತಿಳಿಸುತ್ತಾರೆ, ಬಾಗಿಲುಗಳು ಹೊರಡುವ ವೇಳೆಗೆ ಮೊದಲೇ ಮುಚ್ಚಿಬಿಡುತ್ತವೆ. ಹಿರಿಯರನ್ನು ಕರೆದುಕೊಂಡು ಹೋಗುವವರು ಫಲಕದ ಹತ್ತಿರವೇ ಕಾದಿದ್ದರೆ ಓಡುವ ಪ್ರಸಂಗ ಬರುವುದಿಲ್ಲ.