ಮಡಿಲಲ್ಲಿ ತಡ್ಪೆ, ಪಟ್ಟಿಯಲ್ಲಿ ‘ಮನೆಗೆಲಸ’

ಓದುಗರ ಪತ್ರ: “ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ಉದ್ಯೋಗ ಸಮೀಕ್ಷೆಗಳ ಬಗ್ಗೆ ನಾಲ್ಕು ಪುಟ ಹಾಕಿದ್ದೀರಿ. ನಿರುದ್ಯೋಗ ಶೇ. 3.2 ಅಂತ ಸರ್ಕಾರ ಹೇಳುತ್ತದೆ. ನಮ್ಮ ಬೀದಿಯಲ್ಲಿ ಬಂದು ನೋಡಲಿ, ಡಿಪ್ಲೊಮಾ ಮಾಡಿದ ಹುಡುಗರು ಕಟ್ಟೆ ಮೇಲೆ ಕೂತಿದ್ದಾರೆ. ಈ ಸುಳ್ಳು ಲೆಕ್ಕಕ್ಕೆ ಸುರಿಯುವ ದುಡ್ಡಿನಲ್ಲಿ ನಾಲ್ಕು ಫ್ಯಾಕ್ಟರಿ ಕಟ್ಟಬಾರದೇ? ಹಸಿದವನಿಗೆ ಅನ್ನ ಹಾಕಬೇಕು, ಅವನ ಪಕ್ಕೆಲುಬು ಎಣಿಸಬಾರದು.” — ನಿವೃತ್ತ ಐಟಿಐ ಬೋಧಕರು, ದಾವಣಗೆರೆ

ಮೇಷ್ಟ್ರೇ, ನಮಸ್ಕಾರ.

ಪಕ್ಕೆಲುಬಿನ ಮಾತು ಚೆನ್ನಾಗಿದೆ. ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಫ್ಯಾಕ್ಟರಿ ಬೇಕು ಅನ್ನುವುದನ್ನೂ ಒಪ್ಪುತ್ತೇನೆ. ಹತ್ತಿ ಮಿಲ್ಲುಗಳು ಒಂದೊಂದಾಗಿ ಮುಚ್ಚಿದ್ದನ್ನು ಕಂಡ ಊರಿನವರು ನೀವು. ತಿಂಗಳ ಸಂಬಳ, ಪಿಎಫ್, ವಾರದ ರಜೆ ಇರುವ ಕೆಲಸಕ್ಕೆ ಎಷ್ಟು ಬೆಲೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಎಣಿಕೆಯೇ ಬೇಡ ಅಂದಿರಲ್ಲ, ಅಲ್ಲಿ ನಿಮ್ಮ ಜೊತೆ ಜಗಳ ಆಡಲೇಬೇಕು.

ನಾನು ಬಂಟ್ವಾಳದ ಕಡೆಯವನು. 1981ರ ಜನಗಣತಿಗೆ ಬಂದ ಮಾಸ್ತರರು ನಮ್ಮ ಮನೆ ಜಗಲಿಯಲ್ಲಿ ಕೂತಿದ್ದು ಈಗಲೂ ಕಣ್ಣ ಮುಂದೆ ಇದೆ. ಅಪ್ಪನನ್ನು ಕೇಳಿದರು, “ನಿಮ್ಮ ಹೆಂಡತಿ ಏನು ಮಾಡ್ತಾರೆ?” ಅಪ್ಪ ಹೇಳಿದರು, “ಏನಿಲ್ಲ, ಮನೆಯಲ್ಲೇ ಇರೋದು.” ಅಮ್ಮ ಎರಡು ಮೊಳ ದೂರದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮಡಿಲಲ್ಲಿ ತಡ್ಪೆ, ಅಂದರೆ ಮೊರ. ತಡ್ಪೆಯಲ್ಲಿ ಕತ್ತರಿಸಿದ ಎಲೆ, ತಂಬಾಕಿನ ಹುಡಿ, ನೂಲಿನ ಉಂಡೆ. ಮಾತು ನಡೆಯುವಾಗಲೂ ಅವಳ ಬೆರಳು ನಿಲ್ಲಲಿಲ್ಲ. ಎಲೆ ಸುರುಳಿ ಮಾಡಿ, ತುದಿ ಮಡಚಿ, ನೂಲು ಸುತ್ತಿ ಬದಿಗಿಡುತ್ತಿದ್ದಳು. ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಕಟ್ಟಿದ ಬೀಡಿ ಕೊಟ್ಟು ಬರಬೇಕಿತ್ತು. ಮಾಸ್ತರರು ‘ಮನೆಗೆಲಸ’ ಅಂತ ಬರೆದುಕೊಂಡು ಹೋದರು. ನನ್ನ ಶಾಲೆಯ ಫೀಸು, ಅಕ್ಕನ ಮದುವೆಯ ಸೀರೆ, ಅಪ್ಪನ ಔಷಧಿ ಎಲ್ಲ ಆ ತಡ್ಪೆಯಿಂದ ಬಂದದ್ದು. ದೇಶದ ಲೆಕ್ಕದಲ್ಲಿ ಅಮ್ಮನಿಗೆ ಕೆಲಸ ಇರಲಿಲ್ಲ.

ಅಪ್ಪ ಸುಳ್ಳು ಹೇಳಲಿಲ್ಲ. ಅವರಿಗೆ ಕೆಲಸ ಅಂದರೆ ಮನೆಯಿಂದ ಹೊರಗೆ ಹೋಗಿ ಮಾಡುವುದು. ಕೇಳಿದ ಪ್ರಶ್ನೆ ಸರಿ ಇರಲಿಲ್ಲ, ಅಷ್ಟೇ. 1991ರ ಜನಗಣತಿಯಲ್ಲಿ ಆ ಪ್ರಶ್ನೆಯನ್ನು ತಿದ್ದಿದರು. ಸ್ವಂತ ಹೊಲದಲ್ಲೋ ಮನೆಯ ಕಸುಬಿನಲ್ಲೋ ಕೂಲಿ ಇಲ್ಲದೆ ದುಡಿದದ್ದೂ ಕೆಲಸವೇ ಅಂತ ಪ್ರಶ್ನೆಯಲ್ಲೇ ಸೇರಿಸಿದರು. ಹೆಣ್ಣುಮಕ್ಕಳ ಪರವಾಗಿ ನಿಂತವರು ಪಟ್ಟು ಹಿಡಿದು ಕೇಳಿದ್ದಕ್ಕೆ ಅದು ಆಯಿತು.

ಈಗ ನಿಮ್ಮ 3.2ಕ್ಕೆ ಬರೋಣ. ಅದು 2023-24ರ ಪಿಎಲ್‌ಎಫ್‌ಎಸ್, ಅಂದರೆ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯ ಅಂಕಿ. ಅದರ ಲೆಕ್ಕ ಹೀಗೆ: ವರ್ಷದ ಬಹುಪಾಲು ಕೆಲಸ ಹುಡುಕುತ್ತಾ ಅಲೆದವನೂ ನಡುವೆ 30 ದಿನ ಏನಾದರೂ ಕೆಲಸ ಮಾಡಿದ್ದರೆ ಉದ್ಯೋಗಿ. ನಿಮ್ಮ ಕಟ್ಟೆಯ ಹುಡುಗ ಮಾವನ ಅಂಗಡಿಯಲ್ಲಿ ಒಂದು ತಿಂಗಳು ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದರೆ ಅವನೂ ಆ ಪಟ್ಟಿಗೆ ಸೇರುತ್ತಾನೆ. ಇದು ಮೋಸ ಅಲ್ಲ. ಬಡ ದೇಶದಲ್ಲಿ ಪೂರ್ತಿ ಸುಮ್ನೆ ಕೂರಲು ಯಾರಿಗೂ ಆಗುವುದಿಲ್ಲ, ಅದಕ್ಕೇ ಈ ಅಂಕಿ ಯಾವಾಗಲೂ ಚಿಕ್ಕದು. ಆದರೆ ಅದೇ ವರದಿಯ ಮುಂದಿನ ಪುಟ ತಿರುಗಿಸಿ ಮೇಷ್ಟ್ರೇ. 15ರಿಂದ 29 ವರ್ಷದವರಲ್ಲಿ ನಿರುದ್ಯೋಗ ಶೇ. 10.2 ಅಂತ ಇದೆ. ನೀವು ಕಟ್ಟೆ ಮೇಲೆ ಕಂಡದ್ದನ್ನೇ ಆ ವರದಿಯೂ ಹೇಳುತ್ತಿದೆ! ಒಂದೇ ಅಂಕಿ ಹಿಡಿದುಕೊಂಡು ಮಂತ್ರಿಗಳು ಭಾಷಣ ಮಾಡುತ್ತಾರೆ. ಅದೇ ಅಂಕಿ ಹಿಡಿದುಕೊಂಡು ನೀವು ಸಿಟ್ಟಾಗುತ್ತೀರಿ. ಉಳಿದ ಪುಟಗಳನ್ನು ಇಬ್ಬರೂ ಓದುವುದಿಲ್ಲ.

ಓದಿದರೆ ಸಿಗುವುದು ಇದು. 2017-18ರಲ್ಲಿ 15 ವರ್ಷ ತುಂಬಿದ ಹೆಂಗಸರಲ್ಲಿ ದುಡಿಯುವವರು, ಕೆಲಸ ಹುಡುಕುವವರು ಸೇರಿ ಶೇ. 23.3. 2023-24ಕ್ಕೆ ಶೇ. 41.7. ಕೇಳಲು ಸಂತೋಷವೇ. ಆದರೆ ಕೆಲಸದಲ್ಲಿರುವ ಹೆಂಗಸರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಮಂದಿ ಮನೆಯ ಹೊಲದಲ್ಲೋ ಅಂಗಡಿಯಲ್ಲೋ ಸಂಬಳವಿಲ್ಲದೆ ಕೈಜೋಡಿಸುವವರು. ಸ್ವಂತ ಉದ್ಯೋಗದವರು ಒಟ್ಟಾರೆ ಶೇ. 52.2ರಿಂದ 58.4ಕ್ಕೆ ಏರಿದ್ದಾರೆ. ಬೇಸಾಯದ ಪಾಲು ಇಳಿಯಬೇಕಿತ್ತು, 44.1ರಿಂದ 46.1ಕ್ಕೆ ಹತ್ತಿದೆ. ಕೆಲಸ ಹೆಚ್ಚಿತೋ, ಗಂಡನ ಕೂಲಿ ಸಾಲದೆ ಹೆಂಡತಿಯೂ ಇಳಿದಳೋ, ಅಥವಾ ನಮ್ಮ ಅಮ್ಮನಂಥವರು ಕೊನೆಗೂ ಲೆಕ್ಕಕ್ಕೆ ಸಿಕ್ಕರೋ? ಮೂರೂ ಸ್ವಲ್ಪ ಸ್ವಲ್ಪ ಇರಬಹುದು ಅಂತ ನನ್ನ ಅಂದಾಜು. ಎಣಿಸದೇ ಇದ್ದಿದ್ದರೆ ಈ ಪ್ರಶ್ನೆ ಕೇಳಲಿಕ್ಕೂ ಆಗುತ್ತಿರಲಿಲ್ಲ, ಅಲ್ವಾ?

ಇದು ನಮ್ಮ ದೇಶದ ಕತೆ ಮಾತ್ರ ಅಲ್ಲ. 1972ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಒಂದು ತಂಡ ಕೀನ್ಯಾಗೆ ಹೋಯಿತು. ಅಲ್ಲಿನ ಸರ್ಕಾರವೇ ಕರೆಸಿತ್ತು. ಬಂದ ಕೆಲಸ ನಿರುದ್ಯೋಗದ ಅಧ್ಯಯನ. ಕಂಡದ್ದು ಬೇರೆಯೇ. ಬಯಲಲ್ಲಿ ಕೂತು ತಗಡು ಬಡಿಯುವವರು, ಬಡಗಿಗಳು, ದರ್ಜಿಗಳು, ತಳ್ಳುಗಾಡಿಯವರು. ಇಂಥವರಿಗೆ ಸ್ವಾಹಿಲಿಯಲ್ಲಿ ‘ಜುವಾ ಕಾಲಿ’ ಅನ್ನುತ್ತಾರೆ, ಅಂದರೆ ಸುಡುಬಿಸಿಲು. ಬೆಳಗಿಂದ ರಾತ್ರಿವರೆಗೆ ದುಡಿದೂ ಬಡವರಾಗೇ ಉಳಿದವರೇ ದೊಡ್ಡ ಸಂಖ್ಯೆಯಲ್ಲಿದ್ದಾರೆ, ಕೆಲಸವೇ ಇಲ್ಲದವರಲ್ಲ ಅಂತ ತಂಡ ಬರೆಯಿತು. ಇವರ ಗುಡಿಸಲು, ಅಂಗಡಿ ಕೆಡವುವುದನ್ನು ಮೊದಲು ನಿಲ್ಲಿಸಿ ಅಂದಿತು. ಇಂಥ ದುಡಿಮೆಗೆ ‘ಅನೌಪಚಾರಿಕ ವಲಯ’ ಅನ್ನುವ ಮಾತು ಸರ್ಕಾರಗಳ ಬಾಯಿಗೆ ಬಂದದ್ದು ಹೆಚ್ಚಾಗಿ ಆ ವರದಿಯಿಂದ. ಹತ್ತಿರ ಹೋಗಿ ನೋಡಿದ್ದಕ್ಕೆ ಕಂಡ ಸತ್ಯ ಅದು.

ನೋಡದೇ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ನಾನೇ ಕಂಡದ್ದು ಒಂದು ಹೇಳುತ್ತೇನೆ. ಒಂದು ಹಳ್ಳಿಗೆ ಯಾವುದೋ ಯೋಜನೆಯಲ್ಲಿ ನಲವತ್ತು ಹೊಲಿಗೆ ಯಂತ್ರ ಬಂದವು. ಮೂರು ತಿಂಗಳ ತರಬೇತಿ, ಸರ್ಟಿಫಿಕೇಟು, ಫೋಟೋ. ನಾನು ಹೋದಾಗ ವರ್ಷ ಕಳೆದಿತ್ತು. ಒಂದು ಯಂತ್ರದ ಮೇಲೆ ಈರುಳ್ಳಿ ಹರವಿದ್ದರು. ಒಂದಕ್ಕೆ ಹಳೇ ಸೀರೆ ಹೊದಿಸಿ ಟಿವಿ ಇಟ್ಟಿದ್ದರು. “ಊರಿಗೆಲ್ಲ ನಲವತ್ತು ಜನ ರವಿಕೆ ಹೊಲಿದರೆ ಹಾಕ್ಕೊಳ್ಳೋರು ಯಾರಣ್ಣ?” ಅಂತ ಒಬ್ಬಾಕೆ ಕೇಳಿದಳು. ಹತ್ತು ಕಿಲೋಮೀಟರ್ ದೂರದ ಗಾರ್ಮೆಂಟ್ಸಿನಲ್ಲಿ ಕೆಲಸ ಇತ್ತು. ಬೆಳಗ್ಗೆ ಎಂಟೂವರೆಗೆ ಒಳಗಿರಬೇಕು. ಊರಿಗೆ ಬರುವ ಮೊದಲ ಬಸ್ಸೇ ಒಂಬತ್ತಕ್ಕೆ. ಮಗು ಬಿಟ್ಟು ಹೋಗಲು ಜಾಗ ಇಲ್ಲ. ಅವರಿಗೆ ಬೇಕಿದ್ದದ್ದು ಏಳೂವರೆಯ ಬಸ್ಸು ಮತ್ತು ಒಂದು ಶಿಶುವಿಹಾರ. ಕೇಳಿದವರೇ ಇಲ್ಲ. ಕೆಲಸ ಎಲ್ಲಿದೆ, ಯಾರಿಗೆ ಬೇಕು, ನಡುವೆ ಏನು ಅಡ್ಡ ಇದೆ ಅಂತ ವಿಚಾರಿಸುವುದಕ್ಕೇ ಕಾರ್ಮಿಕ ಮಾರುಕಟ್ಟೆಯ ವಿಶ್ಲೇಷಣೆ ಅನ್ನುವುದು. ಆ ನಾಲ್ಕು ಪುಟದ ಲೇಖನ ಇದ್ದದ್ದೂ ಇದರ ಬಗ್ಗೆಯೇ.

2023ರ ಜೂನ್‌ನಿಂದ ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಬಸ್ಸು ಉಚಿತ. ಒಳ್ಳೆಯದೇ ಆಯಿತು. ಆದರೆ ಬಸ್ಸು ಶಿಫ್ಟಿನ ಹೊತ್ತಿಗೆ ಬರಬೇಕಲ್ಲ. ಆ ಹೊತ್ತು ಯಾವುದು ಅಂತ ಗೊತ್ತಾಗಬೇಕಾದರೆ ಯಾರಾದರೂ ಹೋಗಿ ಕೇಳಬೇಕು.

ನನಗೆ ನಿಜವಾಗಿ ಸಿಟ್ಟು ಬರುವುದು ಎಣಿಸಿದ್ದನ್ನು ಮುಚ್ಚಿಡುವವರ ಮೇಲೆ. ನಿಮ್ಮ ಸಿಟ್ಟನ್ನೂ ಆ ಕಡೆ ತಿರುಗಿಸಿ. ನಿರುದ್ಯೋಗವನ್ನು ಒಂದೇ ಅಂಕಿಯಲ್ಲಿ ಹೇಳಲು ಆಗುವುದಿಲ್ಲ ಅಂತ, ನಿರುದ್ಯೋಗದ ಲೆಕ್ಕವನ್ನು ಪರಿಶೀಲಿಸಲು ಸರ್ಕಾರ ನೇಮಿಸಿದ್ದ ದಾಂತ್ವಾಲಾ ಸಮಿತಿ 1970ರಲ್ಲೇ ಹೇಳಿತ್ತು. ಅದರ ಮಾತಿನಂತೆ 1972-73ರಿಂದ ದೊಡ್ಡ ಸಮೀಕ್ಷೆಗಳು ಶುರುವಾದವು. ಬಡ ದೇಶಗಳಲ್ಲಿ ಇಂಥ ಕೆಲಸಕ್ಕೆ ನಮ್ಮವರು ಮಾದರಿಯಾಗಿದ್ದರು. ಅಂಥ ದೇಶದಲ್ಲಿ 2017-18ರ ಪಿಎಲ್‌ಎಫ್‌ಎಸ್ ವರದಿ ಸಿದ್ಧವಾದರೂ ಹೊರಗೆ ಬರಲಿಲ್ಲ. 2019ರ ಜನವರಿಯಲ್ಲಿ ರಾಷ್ಟ್ರೀಯ ಸಾಂಖ್ಯಿಕ ಆಯೋಗದ ಇಬ್ಬರು ಸದಸ್ಯರು ಇದನ್ನು ವಿರೋಧಿಸಿ ರಾಜೀನಾಮೆ ಕೊಟ್ಟರು. ವರದಿ ಬಂದದ್ದು ಮೇ ತಿಂಗಳಲ್ಲಿ, ಚುನಾವಣೆ ಮುಗಿದ ಮೇಲೆ. ನಿರುದ್ಯೋಗದ ಅಂಕಿ ಶೇ. 6.1. 2021ರಲ್ಲಿ ಆಗಬೇಕಿದ್ದ ಜನಗಣತಿಯೂ ಆ ವರ್ಷ ಆಗಲಿಲ್ಲ. ಹೊಲಿಗೆ ಯಂತ್ರ ಎಲ್ಲಿಗೆ ಕಳಿಸಬೇಕು, ಎಲ್ಲಿಗೆ ಬೇಡ ಅಂತ ಇಷ್ಟು ಹಳೇ ಪಟ್ಟಿ ನೋಡಿ ಹೇಗೆ ತೀರ್ಮಾನ ಮಾಡುವುದು?

ಕೊನೆಗೆ ನಿಮ್ಮ ಊರಿಗೇ ಬರುತ್ತೇನೆ. ಮಿಲ್ಲು ಹೋದರೂ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳಿವೆ. ಬಿಸಿ ಮರಳಿನಲ್ಲಿ ಅಕ್ಕಿ ಅರಳಿಸುವ ಆ ಹೊಗೆಯ ನಡುವೆ ಮನೆಮಂದಿಯೆಲ್ಲ ದುಡಿಯುತ್ತಾರೆ. ನೀವು ಐಟಿಐಯಲ್ಲಿ ಪಾಠ ಮಾಡಿದವರು. ಯಂತ್ರ, ಶಾಖ, ಕೈಕೆಲಸ ಎಲ್ಲ ಬಲ್ಲವರು. ಒಂದು ದಿನ ಬೆಳಗಿನ ಜಾವ ಎದ್ದು ಒಂದೇ ಒಂದು ಭಟ್ಟಿಗೆ ಹೋಗಿ ಕೂರಿ. ಯಾರು ಎಷ್ಟು ಹೊತ್ತಿಗೆ ಬಂದರು, ಕೂಲಿ ಯಾರ ಕೈಗೆ ಬಂತು, ಯಾರಿಗೆ ಬರಲೇ ಇಲ್ಲ, ಮನೆಯ ಹುಡುಗ ಏನು ಓದಿದ್ದಾನೆ, ಯಾಕೆ ಹೊರಗೆ ಕೆಲಸಕ್ಕೆ ಹೋಗಿಲ್ಲ ಅಂತ ಬರೆದುಕೊಳ್ಳಿ. ಗಂಡಸರನ್ನು ಮಾತ್ರ ಕೇಳಬೇಡಿ. ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ನಿಮಗಾಗಿ ಎರಡು ಪುಟ ತೆಗೆದಿಟ್ಟಿದ್ದೇನೆ.

— ಸಂಪಾದಕ